ಗೇಟಿನ ಬಳಿಯ ಬೆಂಚು

ಮಂಡ್ಯ
19 ಮೇ 2025, ಸೋಮವಾರ

ಅವ್ವ,

ನಿನಗೂ ಅಪ್ಪನಿಗೂ ದೀಪಿಯ ನಮಸ್ಕಾರ. ಬಂಡೂರಿನಿಂದ ತಂದ ಆ ಎರಡು ಕುರಿಮರಿಗಳಿಗೂ ಒಂದೊಂದು.

ಹದಿನೈದು ದಿನದಿಂದ ನೀನು ಫೋನು ಮಾಡಿದಾಗಲೆಲ್ಲ ಒಂದೇ ಮಾತು ಕೇಳುತ್ತಿದ್ದೀಯ. "ನೀರು ಗೀರು ಎಲ್ಲಾ ಸರ್ಯಾಗಿ ಬತ್ತಾ ಅದಾ ಮಗ?" ನಾನು "ಹೂಂ" ಅನ್ನುತ್ತೇನೆ. ನೀನು "ಸರಿ ಬುಡು" ಅನ್ನುತ್ತೀಯ. ಅಲ್ಲಿಗೆ ಮುಗಿಯಿತು. ನಿನಗೆ ಗೊತ್ತಲ್ಲ, ಫೋನು ಕಿವಿಗೆ ತಾಗಿದರೆ ನನ್ನ ನಾಲಿಗೆ ಒಳಗೆ ಸರಿದುಬಿಡುತ್ತದೆ. ಪೆನ್ನು ಹಿಡಿದರೆ ಮಾತ್ರ ನಾನು ಮಾತಿನವಳು. ಆದ್ದರಿಂದ ಆ "ಹೂಂ"ನಲ್ಲಿ ಹೇಳದೆ ಉಳಿದದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಕೊನೆಯ ಹಾಳೆಯನ್ನು ಮೊದಲು ಓದಬೇಡ. ವಾರಪತ್ರಿಕೆಯ ಧಾರಾವಾಹಿಯನ್ನು ಹಾಗೆ ಓದುವ ಅಭ್ಯಾಸ ನಿನಗಿದೆ.

ಫೆಬ್ರವರಿಯಲ್ಲಿ ಈ ಹೊಂಗಿರಣ ಅಪಾರ್ಟ್‌ಮೆಂಟಿನ ಆಫೀಸಿಗೆ ಸೇರುವಾಗ ನಿನಗೊಂದು ಮಾತು ಕೊಟ್ಟಿದ್ದೆ. ಮೂರು ತಿಂಗಳು ನೋಡುತ್ತಾರೆ, ಮೇ ಮುಗಿಯುವುದರೊಳಗೆ ಕೆಲಸ ಕಾಯಂ ಆಗದಿದ್ದರೆ ಮದ್ದೂರಿಗೆ ಹೋಗಿ ಮಾವನ ಗೊಬ್ಬರದಂಗಡಿಯಲ್ಲಿ ಕೂರುತ್ತೇನೆ ಎಂದು. ಮಾವ ಒಳ್ಳೆಯವರು. ಆದರೆ ಅಲ್ಲಿ ಬರುವವರೆಲ್ಲ ಜೋರಾಗಿ ಮಾತಾಡುತ್ತಾರೆ, ನಾನೂ ಜೋರಾಗಿ ಮಾತಾಡಬೇಕು. ಇಲ್ಲಿ ಹಾಗಲ್ಲ. ನಲವತ್ತು ಮನೆ, ನಾಲ್ಕು ಮಹಡಿ, ಒಂದು ಹೊಂಗೆಮರ, ಅದರ ನೆರಳಿಗೆ ನನ್ನ ಆಫೀಸಿನ ಕಿಟಕಿ. ಯಾರ ಮನೆಯಲ್ಲಿ ಒಗ್ಗರಣೆ ಹಾಕಿದರು, ಯಾರ ಬಾಲ್ಕನಿಯ ತುಳಸಿ ಬಾಡಿತು, ಎಲ್ಲವೂ ಕೂತಲ್ಲೇ ತಿಳಿಯುತ್ತದೆ. ಕನ್ನಡ ಎಂ.ಎ. ಓದಿ ಪಂಪು, ವಾಲ್ವು, ಸಂಪು ನೋಡಿಕೊಳ್ಳುತ್ತೀಯಾ ಎಂದು ನೀನು ಕೇಳಿದ್ದೆ. ಹೌದವ್ವ. ನನಗೆ ಈ ಕೆಲಸ ಬೇಕಿತ್ತು. ಎಷ್ಟು ಬೇಕಿತ್ತು ಎಂಬುದು ಕೈತಪ್ಪುವ ಹಾಗಾದಾಗ ಗೊತ್ತಾಯಿತು.

ಏಪ್ರಿಲ್ ಮೊದಲ ವಾರ ಸೆಕ್ರೆಟರಿ ಜಯಪ್ರಕಾಶ್ ಸಾರ್ ಬೇಸಿಗೆಯ ನೋಟೀಸು ಬರೆಯಲು ಹೇಳಿದರು. ಕರೆಂಟ್ ಆಫೀಸಿನಲ್ಲಿ ಮೂವತ್ತು ವರ್ಷ ಇದ್ದು ನಿವೃತ್ತರಾದವರು. ಗಟ್ಟಿ ದನಿ, ಗಿಡ್ಡ ವಾಕ್ಯ. ಅವರು ನನ್ನನ್ನು ಕೆಲಸಕ್ಕೆ ತೆಗೆದುಕೊಂಡ ದಿನವೇ, "ಇಂಥ ಕೆಲಸಕ್ಕೆ ಬಾಯಿ ಇರೋರು ಬೇಕಮ್ಮ, ನೋಡಾಣ," ಎಂದಿದ್ದರು. ನಾನು ನೋಟೀಸನ್ನು ಎರಡು ಪುಟ ಬರೆದೆ. "ಬಿಸಿಲು ಈ ಊರಿಗೆ ಬಂದು ಹೋಗುವ ನೆಂಟನಲ್ಲ, ನಾಲ್ಕು ತಿಂಗಳು ನಮ್ಮೊಡನೆ ಬಾಳುವ ನೆರೆಯವನು" ಎಂದು ಶುರು. ಆಮೇಲೆ ತಾರಸಿಗೆ ಬಿಸಿಲು ತಡೆಯುವ ಬಿಳಿ ಬಣ್ಣ ಬಳಿದಿರುವುದರಿಂದ ಸಂಡಿಗೆಯನ್ನು ಚಾಪೆ ಹಾಸಿಯೇ ಹಾಕಬೇಕೆಂದು, ಒಣಗಿದ ಹೊಂಗೆ ಎಲೆಗೆ ಬೆಂಕಿ ಇಡಬಾರದೆಂದು, ತಣ್ಣಗಿರುವ ಸಂಪಿನ ಮೂಲೆಯಲ್ಲಿ ಹಾವು ಸೇರಬಹುದಾದ್ದರಿಂದ ಟಾರ್ಚಿಲ್ಲದೆ ಕೈ ಹಾಕಬಾರದೆಂದು. ಜಯಪ್ರಕಾಶ್ ಸಾರ್ ಕನ್ನಡಕ ಏರಿಸಿ, ಇಳಿಸಿ, ಕೇಳಿದರು: "ಚೆನ್ನಾಗದೆ ಕಣಮ್ಮ. ಇದ್ರಲ್ಲಿ ನಲ್ಲಿ ಎಲ್ಲಿ ಬತ್ತದೆ?"

ನಲ್ಲಿ ಎರಡನೇ ಪುಟದಲ್ಲಿತ್ತು. ನೀರು ಬಾರದ ಹೊತ್ತಿನಲ್ಲಿ ತಿರುಗಿಸಿದ ನಲ್ಲಿಯನ್ನು ಮರೆಯದೆ ಮುಚ್ಚಬೇಕು, ಊರಿಗೆ ಹೊರಡುವವರು ಮನೆಯ ನೀರಿನ ವಾಲ್ವು, ಗ್ಯಾಸಿನ ರೆಗ್ಯುಲೇಟರು ಎರಡನ್ನೂ ಮುಚ್ಚಿ ಗೇಟಿನ ಬಳಿಯ ಪುಸ್ತಕದಲ್ಲಿ ಸಹಿ ಹಾಕಬೇಕು ಎಂದು. ಈ ಬೇಸಿಗೆಯಲ್ಲಿ ನಮಗೆ ನೀರು ಬೆಳಿಗ್ಗೆ ಆರರಿಂದ ಎಂಟು, ಸಂಜೆ ನಾಲ್ಕರಿಂದ ಆರು. ಉಳಿದ ಹೊತ್ತು ಮೇಲಿನ ಟ್ಯಾಂಕಿನ ವಾಲ್ವನ್ನು ನಮ್ಮ ಕಾವಲಿನ ಮರಿಸಿದ್ದಯ್ಯ ಮುಚ್ಚಿಡುತ್ತಾರೆ. ಯಾರಾದರೂ ಬರಿ ನಲ್ಲಿ ತಿರುಗಿಸಿ ಹಾಗೇ ಬಿಟ್ಟು ಹೋದರೆ ನಾಲ್ಕು ಗಂಟೆಗೆ ಏನಾಗುತ್ತದೆ ಎಂದು ವಿವರಿಸಿಯೂ ಬರೆದಿದ್ದೆ.

ಮೂರು ವಾರದಲ್ಲಿ ಆ ಪುಸ್ತಕದಲ್ಲಿ ಬಿದ್ದದ್ದು ಒಂದೇ ಸಹಿ. ಎರಡನೇ ಮಹಡಿಯ 202ರ ಫಕ್ರುನ್ನೀಸಾ ಅವರದ್ದು. ನೀನು ನೋಡಿದ್ದೀಯ, ಮನೆಯಲ್ಲೇ ರವಿಕೆ ಹೊಲಿಯುತ್ತಾರಲ್ಲ, ಅವರು. ಉಳಿದವರೆಲ್ಲ ಚೀಲ ಹಿಡಿದು ಗೇಟಿಗೆ ಬರುವರು, ಪುಸ್ತಕವನ್ನು ನೋಡುವರು, ಮುಖ ತಿರುಗಿಸಿ ಹೊರಟೇ ಹೋಗುವರು. ಏಕೆಂದು ನನಗೆ ತಿಳಿಯಲಿಲ್ಲ. ಕೇಳಲು ಬಾಯಿ ಬರಲಿಲ್ಲ.

ಅಷ್ಟರಲ್ಲಿ ನೀನು ಬಂದೆ. ರಾಗಿ ಹಿಟ್ಟು, ಸಂಡಿಗೆ, ಹುರುಳಿಕಾಳು ಹೊತ್ತುಕೊಂಡು ಬಂದು ಎರಡು ರಾತ್ರಿ ಇದ್ದೆ. ನನ್ನ ಕೋಣೆ ಚಿಕ್ಕದೆಂದು ಮೂರನೇ ಮಹಡಿಯ 302ರಲ್ಲಿ ನಿನ್ನನ್ನು ಇಳಿಸಿದೆ. ಅದರ ಮಾಲೀಕ ಪುನೀತ್ ಮೈಸೂರಿನಲ್ಲಿದ್ದಾರೆ, ಮನೆ ಖಾಲಿ, ಕೀಲಿ ನನ್ನ ಬಳಿ ಇರುತ್ತದೆ, ನೆಂಟರು ಬಂದರೆ ಬಳಸಿಕೋ ಎಂದು ಅವರೇ ಹೇಳಿದ್ದರು, ಸೆಕ್ರೆಟರಿಗೆ ಇದು ತಿಳಿದಿರಲಿಲ್ಲ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನೀನು ಹೊರಟೆ. ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಕಾಯುತ್ತಿದ್ದ, ಅಲ್ಲಿಂದ ಇಬ್ಬರೂ ಬಂಡೂರಿಗೆ ಹೋಗಿ ಮರಿ ನೋಡುವುದಿತ್ತು. ನಾನು 302ಕ್ಕೆ ಬೀಗ ಹಾಕಿ, ನಿನ್ನನ್ನು ಬಸ್ಸು ಹತ್ತಿಸಿ, ವಾಪಸ್ಸು ಬಂದು ಕೆಲಸಕ್ಕೆ ಕೂತೆ. ಅಡುಗೆಮನೆಯ ನಲ್ಲಿ ನನಗೆ ನೆನಪಿರಲಿಲ್ಲ.

ಸಂಜೆ ಐದಕ್ಕೆ ಎರಡನೇ ಮಹಡಿಯ ಬಾಲ್ಕನಿಯಿಂದ ಕೂಗು. "ದೀಪಿಕಾ! ಅರೆ ಬೇಟಿ! ನಮ್ಮನೇಲಿ ಮಳೆ!"

ಓಡಿದೆ. ಹೊಲಿಗೆ ಮೇಜಿನ ಮೇಲೆ, ಫ್ಯಾನಿನ ಕೊಂಡಿಯ ಸುತ್ತಲಿಂದ ನೀರು ದಾರವಾಗಿ ಇಳಿಯುತ್ತಿತ್ತು. ಫಕ್ರುನ್ನೀಸಾ ಬಟ್ಟೆಗಳನ್ನೆಲ್ಲ ಮಂಚಕ್ಕೆ ಎಸೆದು, ಆಗಲೇ ಮೇನ್ ಸ್ವಿಚ್ ಆರಿಸಿದ್ದರು. ನನ್ನ ಮುಖ ನೋಡಿ ಅವರೇ ಸಮಾಧಾನ ಮಾಡಿದರು. "ನೀರು ಸೋರುದ್ರೆ ಮೊದ್ಲು ಮೇನ್ ಆರ್ಸಿ ಅಂತ ನೀನೇ ಬರ್ದಿದ್ದೀಯಲ್ಲ. ನಾನು ಓದಿದ್ದೆ. ಚೆನ್ನಾಗಿ ಬರ್ದಿದ್ದೀಯ, ಆದ್ರೆ ಮುಗ್ಸೋಕೆ ಎರಡು ಚಾ ಬೇಕಾಯ್ತು." ನನ್ನ ಬರವಣಿಗೆಗೆ ಬಂದ ಮೊದಲ ವಿಮರ್ಶೆ ಅದು.

ಮೇಲೆ ಹೋಗಿ 302ರ ಬಾಗಿಲು ತೆಗೆದರೆ ಪಾದ ಮುಳುಗುವಷ್ಟು ನೀರು. ಮುದ್ದೆ ಮಾಡಿದ ಪಾತ್ರೆ ಸಿಂಕಿನ ತೂತಿನ ಮೇಲೆ ಬಿಗಿಯಾಗಿ ಕೂತಿತ್ತು, ನಲ್ಲಿ ಪೂರ್ತಿ ತೆರೆದಿತ್ತು. ಮುಚ್ಚಿದೆ. ಟ್ಯಾಂಕಿನ ನೀರು ಇಳಿದು, ಒತ್ತಡ ಸಾಲದೆ ಆ ಸಂಜೆ ನಾಲ್ಕನೇ ಮಹಡಿಯವರಿಗೆ ಒಂದು ಕೊಡವೂ ಸಿಗಲಿಲ್ಲ. ಎಲ್ಲರೂ ಮೆಟ್ಟಿಲ ಮೇಲೆ ಬಂದು ನಿಂತರು. ಜಯಪ್ರಕಾಶ್ ಸಾರ್ ಗುಡುಗಿದರು. "ಯಾರಮ್ಮ ನಲ್ಲಿ ಬುಟ್ಟೋರು? ಪುನೀತ್ ಬಂದಿದ್ನಾ?"

ನಾನು ಏನೂ ಹೇಳಲಿಲ್ಲ. ಅವ್ವ, ಬೇಕೆಂದು ಮುಚ್ಚಿಟ್ಟದ್ದಲ್ಲ. ಅಷ್ಟು ಜನರ ಮುಂದೆ ಬಾಯಿಯೇ ತೆರೆಯಲಿಲ್ಲ. ಆದರೆ ಮಾರನೆಯ ದಿನವೂ ಹೇಳಲಿಲ್ಲ, ಅದರ ಮಾರನೆಯ ದಿನವೂ ಹೇಳಲಿಲ್ಲ. ಅದು ಮಾತ್ರ ಹೆದರಿಕೆಯೇ. ಹದಿನೆಂಟನೇ ತಾರೀಖು ಭಾನುವಾರ ಎಲ್ಲರ ಸಭೆ, ಅಂದೇ ನನ್ನ ಕೆಲಸದ ತೀರ್ಮಾನ ಎಂದು ಬೋರ್ಡಿಗೆ ಚೀಟಿ ಅಂಟಿಸಿದವಳು ನಾನೇ. ಗೋಂದು ಹಚ್ಚುವಾಗ ಮಾವನ ಅಂಗಡಿಯ ಯೂರಿಯಾ ವಾಸನೆ ಮೂಗಿಗೆ ಬಂದ ಹಾಗಾಯಿತು.

ಶುಕ್ರವಾರ ಬೆಳಿಗ್ಗೆ 104ರ ಹೊನ್ನಯ್ಯ, ಮಾಯಮ್ಮ ದಂಪತಿ ಬಸರಾಳಿಗೆ ಹೊರಟಿದ್ದರು. ತಂಗಿಯ ಮನೆಯ ಗೃಹಪ್ರವೇಶ. ಇಬ್ಬರೂ ಹೊಸ ಬಟ್ಟೆ, ಕೈಯಲ್ಲಿ ಹಣ್ಣುಕಾಯಿಯ ಚೀಲ. ಮಾಯಮ್ಮ ಗೇಟು ದಾಟಿ ಆಟೋ ಬಳಿ ನಿಂತಿದ್ದರು. ಹೊನ್ನಯ್ಯ ಪುಸ್ತಕದ ಮುಂದೆ ಬಂದವರು ಗಕ್ಕನೆ ನಿಂತರು.

"ಗ್ಯಾಸು ತಿರುಗ್ಸಿದ್ಯೇನೆ?"

"ಕೊನೇಲಿ ಕಾಪಿ ಕಾಯ್ಸಿದ್ದು ನೀವ್ ತಾನೆ? ನನ್ನ ಕೇಳ್ತೀರಲ್ಲ."

"ತಿರುಗ್ಸಿರ್ಬೇಕು ಬುಡು."

"ಓಗಿ ನೋಡ್ಕಂಡ್ ಬನ್ನಿ ಮತ್ತೆ."

"ಒಸ್ಲು ದಾಟಿ ಇಲ್ಲಿಗಂಟ ಬಂದಿವ್ನಿ. ಒಳ್ಳೇ ಕೆಲ್ಸಕ್ಕೆ ಒರಟೋನು ಇಂದ್ಕೆ ತಿರುಗ್ಲಾ? ಏನೂ ಆಗಕ್ಕಿಲ್ಲ, ನಡಿ."

ಆಗ ನನಗೆ ಹೊಳೆಯಿತು. ಇವರಿಗೆ ಮರೆವಿಲ್ಲ. ಎಲ್ಲರಿಗೂ ನೆನಪಾಗುತ್ತದೆ, ಸರಿಯಾಗಿ ಈ ಗೇಟಿನ ಬಳಿಯೇ, ಆ ಪುಸ್ತಕ ಕಂಡ ಕೂಡಲೇ ನೆನಪಾಗುತ್ತದೆ. ಆದರೆ ಇಲ್ಲಿಗೆ ಬಂದ ಮೇಲೆ ಯಾರೂ ಹಿಂದಕ್ಕೆ ಹೋಗುವಂತಿಲ್ಲ. ಹೊರಟವರು ತಿರುಗಬಾರದು. ಹಿಂದಿನಿಂದ ಕೂಗಿ ಕರೆಯಬಾರದು. ಎಲ್ಲಿಗೆ ಎಂದು ಕೇಳಬಾರದು. ಇದೆಲ್ಲ ಗೊತ್ತಿದ್ದೂ ನಾನು ನೀರು ಮುಚ್ಚಿದಿರಾ, ಗ್ಯಾಸು ಮುಚ್ಚಿದಿರಾ ಎಂದು ಕೇಳುವ ಪುಸ್ತಕವನ್ನು ತಂದು, ಯಾರೂ ಉತ್ತರಿಸಲಾಗದ ಜಾಗದಲ್ಲೇ ಇಟ್ಟಿದ್ದೆ. ಅದಕ್ಕೇ ಅವರು ಮುಖ ತಿರುಗಿಸುತ್ತಿದ್ದರು.

ನಮ್ಮ ಅಜ್ಜಿ ನೆನಪಾದಳು. ಅಪ್ಪ ಸಂತೆಗೆ ಹೊರಟು, ಹಗ್ಗವನ್ನೋ ಚೀಲವನ್ನೋ ಮರೆತು ವಾಪಸ್ಸು ಬಂದರೆ ಅಜ್ಜಿ ಒಳಗೆ ಬಿಡುತ್ತಿರಲಿಲ್ಲ. ಮೊದಲು ಜಗಲಿಯ ಮೇಲೆ ಕೂರಿಸಿ ಒಂದು ಚೊಂಬು ನೀರು ಕೊಡುತ್ತಿದ್ದಳು. ಕೂತು ನೀರು ಕುಡಿದರೆ ಮೊದಲು ಹೊರಟದ್ದು ಲೆಕ್ಕಕ್ಕಿಲ್ಲ, ಮತ್ತೆ ಹೊಸದಾಗಿ ಹೊರಡಬಹುದು. ನೀನೂ ಹಾಗೆಯೇ ಮಾಡುತ್ತೀಯ.

ಆಫೀಸಿನ ಕುರ್ಚಿ ಎತ್ತಿಕೊಂಡು ಓಡಿದೆ. ಹೊನ್ನಯ್ಯನವರ ಮುಂದೆ ಇಟ್ಟೆ. ನನ್ನ ನೀರಿನ ಬಾಟಲಿ ಚಾಚಿದೆ. ಏನೇನೋ ವಿವರಿಸಬೇಕೆಂದಿದ್ದೆ, ಹೊರಬಂದದ್ದು ಇಷ್ಟೇ: "ಕೂತ್ಕೊಳ್ಳಿ. ನೀರು ಕುಡೀರಿ."

ಅವರು ಕುರ್ಚಿಯನ್ನು ನೋಡಿದರು, ನನ್ನನ್ನು ನೋಡಿದರು, ಜೋರಾಗಿ ನಕ್ಕರು. "ಎಲಾ ಇವ್ಳಾ! ನಮ್ಮವ್ವನೂ ಇಂಗೇ ಮಾಡೋಳು ಕಣೇ ಮಾಯಿ." ಕೂತರು, ಎರಡು ಗುಟುಕು ಕುಡಿದರು, ಎದ್ದು ಒಳಗೆ ಹೋದರು. ಐದು ನಿಮಿಷಕ್ಕೆ ಬಂದಾಗ ನಗು ಇರಲಿಲ್ಲ. "ಒಲೆ ಉರೀತಾನೇ ಇತ್ತು, ಆರ್ಸ್ ಬಂದೆ. ಕಾಪಿ ಪಾತ್ರೆ ತಳ ಕೆಂಪಗಾಗಿತ್ತು. ಮಗ್ಗುಲಲ್ಲೇ ಕಿಟಕಿ ಪರದೆ ಆಡ್ತಾ ಇತ್ತು..." ಆಟೋದವನೂ ಇಂಜಿನ್ ಆರಿಸಿ ಕೇಳುತ್ತಿದ್ದ. ಮಾಯಮ್ಮ ಮಾತ್ರ ಸೆರಗಿನಿಂದ ಹಣೆ ಒರೆಸಿಕೊಂಡು, "ಈಗ್ಲಾದ್ರೂ ಬಲಗಾಲಿಟ್ಟು ಒರಡಿ," ಎಂದರು.

ಸುದ್ದಿ ಮಧ್ಯಾಹ್ನದೊಳಗೆ ನಾಲ್ಕನೇ ಮಹಡಿ ಮುಟ್ಟಿತು. ಸಂಜೆ ಮರಿಸಿದ್ದಯ್ಯ ಸಂಪಿನ ಹಿಂದೆ ಬಿದ್ದಿದ್ದ ಕಲ್ಲುಬೆಂಚನ್ನು ಇಬ್ಬರ ಕೈಲಿ ಹೊರಿಸಿ ಗೇಟಿನ ಒಳಗೆ, ಹೊಂಗೆಮರದ ಕೆಳಗೆ ಹಾಕಿಸಿದರು. ಫಕ್ರುನ್ನೀಸಾ ಅವರ ಗಂಡ ಶಫೀವುಲ್ಲಾ ತಮ್ಮ ವರ್ಕ್‌ಶಾಪಿನಲ್ಲಿ ಕಬ್ಬಿಣದ ಸ್ಟ್ಯಾಂಡು ಬೆಸುಗೆ ಹಾಕಿ ತಂದರು. ಅದರ ಮೇಲೆ ಮಡಕೆ. ಮಡಕೆಗೆ ಸುತ್ತಲು ಹಸಿ ಬಟ್ಟೆ ಬೇಕಲ್ಲ, ಫಕ್ರುನ್ನೀಸಾ ರವಿಕೆ ತುಂಡುಗಳನ್ನು ಜೋಡಿಸಿ ಒಂದು ಅಂಗಿಯನ್ನೇ ಹೊಲಿದರು. ಈಗ ನಮ್ಮ ಮಡಕೆ ಮಂಡ್ಯದಲ್ಲೇ ಹೆಚ್ಚು ಬಣ್ಣ ಉಟ್ಟ ಮಡಕೆ. ಪುಸ್ತಕವನ್ನು ನಾನು ಸುಮ್ಮನೆ ಒಳಗಿಟ್ಟೆ.

ಯಾರಿಗೂ ಏನೂ ಹೇಳಬೇಕಾಗಿಲ್ಲ, ಅವ್ವ. ಅದೇ ನನಗೆ ಸಂತೋಷ. ಬರುತ್ತಾರೆ, ಒಂದು ಗಳಿಗೆ ಕೂರುತ್ತಾರೆ, ನೀರು ಕುಡಿಯುತ್ತಾರೆ, ಕಣ್ಣು ಹಾಗೇ ಎಲ್ಲೋ ಹೋಗುತ್ತದೆ. ಆಮೇಲೆ "ಈಗ ಬಂದೆ" ಎನ್ನುತ್ತ ಮೇಲೆ ಓಡುತ್ತಾರೆ. ನಾಲ್ಕನೇ ಮಹಡಿಯ ಶ್ವೇತ ಆಸ್ಪತ್ರೆಗೆ ಡ್ಯೂಟಿಗೆ ಹೊರಟವಳು ದಿನವೂ ಕೂರುತ್ತಾಳೆ, ಮರೆತದ್ದೇನೂ ಇಲ್ಲದ ದಿನವೂ. ತಂಪಾಗಿರುತ್ತದಂತೆ. ಜಯಪ್ರಕಾಶ್ ಸಾರ್ ಮೊದಲ ದಿನ ಬೆಂಚಿನ ಕಾಲು ಪರೀಕ್ಷಿಸುವ ನೆಪದಲ್ಲಿ ಕೂತರು. ಮರಿಸಿದ್ದಯ್ಯ ನನ್ನ ಕಿಟಕಿಗೆ ಬಂದು ಪಿಸುಗುಟ್ಟಿದರು. "ಸೆಕ್ರೆಟ್ರಿಯವ್ರು ವಾರದಾಗೆ ಎಲ್ಡು ಸಲ ವಾಪಸ್ ಓದ್ರು ಕಣವ್ವ. ಒಂದ್ ಸಲ ಇಸ್ತ್ರಿ ಪೆಟ್ಗೆ, ಒಂದ್ ಸಲ ಗೀಸರು. ನಾ ಯೋಳ್ದೆ ಅನ್ಬ್ಯಾಡ."

ಆದರೂ ಆ ವಾರ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಎಲ್ಲರೂ ಬೆಂಚನ್ನು ಹೊಗಳುವಾಗ ನನಗೆ 302ರ ನಲ್ಲಿಯೇ ಕಣ್ಣಮುಂದೆ ಬರುತ್ತಿತ್ತು. ಆ ತಪ್ಪನ್ನು ಇನ್ನೂ ಪುನೀತ್ ಅವರ ತಲೆಗೇ ಕಟ್ಟಿದ್ದರು.

ನಿನ್ನೆ ಸಂಜೆ ಸಭೆ. ಮರದ ಕೆಳಗೇ ಎಲ್ಲರೂ ಕುರ್ಚಿ ಹಾಕಿಕೊಂಡು ಕೂತರು. ನಾನು ಹೇಳಬೇಕಾದದ್ದನ್ನು ಎರಡು ಪುಟ ಬರೆದುಕೊಂಡಿದ್ದೆ. ಜಯಪ್ರಕಾಶ್ ಸಾರ್ ಎದ್ದು, "ಮೊದಲ್ನೇ ವಿಷಯ, 302ರ ನಲ್ಲಿ. ಪುನೀತ್‌ಗೆ ಫೋನ್ ಮಾಡಿದ್ದೆ, ತಾನು ಬಂದೇ ಇಲ್ಲ ಅಂತಾನೆ," ಎಂದರು. ನಾನು ಎದ್ದು ನಿಂತೆ. ಕಾಗದ ಮಡಚಿಬಿಟ್ಟೆ.

"302ರ ಕೀಲಿ ನನ್ನ ಹತ್ರ ಇತ್ತು ಸಾರ್. ಆ ದಿನ ನಲ್ಲಿ ನೋಡದೆ ಬೀಗ ಹಾಕಿದವಳು ನಾನು."

ಅಷ್ಟೇ. ಎರಡು ಪುಟದಲ್ಲಿ ಉಳಿದದ್ದು ಎರಡು ವಾಕ್ಯ.

"ಹದ್ಮೂರು ದಿನ ಯಾಕಮ್ಮ ಸುಮ್ನಿದ್ದೆ?"

"ಬಾಯಿ ಬರಲಿಲ್ಲ ಸಾರ್."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾಲ್ಕನೇ ಮಹಡಿಯವರೊಬ್ಬರು, ನೋಟೀಸು ಬರೆದವಳೇ ಹೀಗೆ ಮಾಡಿದರೆ ಹೇಗೆ ಎಂದರು. ನ್ಯಾಯವಾದ ಮಾತು. ನಾನು ಮನಸ್ಸಿನಲ್ಲೇ ಮದ್ದೂರಿನ ಬಸ್ಸು ಹತ್ತಿದ್ದೆ. ಆಗ ಫಕ್ರುನ್ನೀಸಾ ಎದ್ದರು. "ಸೋರಿದ್ದು ನಮ್ಮ ಮನೆ, ಮೊದ್ಲು ನಾನು ಮಾತಾಡ್ಬೇಕು. ನಮ್ಮ ಸೂರಿಗೆ ಕಲೆ ಆಗಿದೆ, ಮಳೆಗಾಲಕ್ಕೆ ಮುಂಚೆ ನಮ್ಮೆಜಮಾನ್ರು ಸುಣ್ಣ ಹೊಡೀತಾರೆ, ಈ ಹುಡುಗಿ ಏಣಿ ಹಿಡ್ಕೋಬೇಕು. ಮುಗೀತು. ಈಗ ಹೇಳಿ, ಆ ಬೆಂಚ್ ಮೇಲೆ ಕೂತು ವಾಪಸ್ ಹೋಗ್ದೆ ಇರೋರು ಯಾರಿದ್ದೀರ? ಕೈ ಎತ್ತಿ."

ಒಂದೂ ಕೈ ಏಳಲಿಲ್ಲ. ಜಯಪ್ರಕಾಶ್ ಸಾರ್ ಮರದ ಕೊಂಬೆಯನ್ನು ಗಮನವಿಟ್ಟು ನೋಡತೊಡಗಿದರು. ಹೊನ್ನಯ್ಯ ಕೂತಲ್ಲಿಂದಲೇ ಅಂದರು: "ಒಂದ್ ಮನೆ ನೆಂದದೆ, ನಿಜ. ಒಂದ್ ಮನೆ ಉರೀದೆ ಉಳ್ಕೊಂಡದೆ. ಅದ್ನೂ ಬರ್ಕೊಳ್ಳಿ ಸೆಕ್ರೆಟ್ರಿಗಳೇ."

ಜಯಪ್ರಕಾಶ್ ಸಾರ್ ಕನ್ನಡಕ ತೆಗೆದು ಒರೆಸಿದರು. "ಬಾಯಿ ಇರೋರು ಬೇಕು ಅಂತಿದ್ದೆ. ಇವತ್ತು ಇಷ್ಟು ಜನದ ಮುಂದೆ ತೆಗೆದ್ಲಲ್ಲ, ಸಾಕು. ಕಾಯಂ ಅಂತ ಬರ್ಕೊಳ್ತೀನಿ. ಒಂದೇ ಷರತ್ತು. ಮುಂದಿನ ನೋಟೀಸು ಅರ್ಧ ಪುಟ ದಾಟಕೂಡದು."

ಕಾಯಂ ಆಯಿತು, ಅವ್ವ. ಮಾವನಿಗೆ ನೀನೇ ಸಮಾಧಾನ ಹೇಳು.

ಇವತ್ತು ಬೆಳಿಗ್ಗೆ ಹೊಸ ನೋಟೀಸು ಬರೆದು ಮಡಕೆಯ ಪಕ್ಕ ಅಂಟಿಸಿದೆ. "ಕೂತು, ನೀರು ಕುಡಿದು, ನೆನಪು ಮಾಡಿಕೊಂಡು ಹೊರಡಿ." ಜಯಪ್ರಕಾಶ್ ಸಾರ್ ಓದಿ ತಲೆ ಆಡಿಸಿದರು. ನಾನು ಇದುವರೆಗೆ ಬರೆದದ್ದರಲ್ಲಿ ಪೂರ್ತಿ ಓದಿಸಿಕೊಂಡದ್ದು ಇದೊಂದೇ.

ಕುರಿಮರಿಗಳನ್ನು ಮಧ್ಯಾಹ್ನ ತಗಡಿನ ಕೆಳಗೆ ಕಟ್ಟಬೇಡ, ಕಾವು ಮೈಮೇಲೆ ಇಳಿಯುತ್ತದೆ. ಬೇವಿನ ನೆರಳಿಗೆ ಕಟ್ಟು, ನೀರಿನ ಬಾನಿಯನ್ನು ದಿನವೂ ತೊಳೆ. ಅಪ್ಪ ಪಂಪ್‌ಸೆಟ್ಟಿನ ಸ್ಟಾರ್ಟರನ್ನು ಒದ್ದೆ ಕೈಯಲ್ಲಿ ಮುಟ್ಟದಿರಲಿ. ನೋಡು, ನಿಮಗೂ ನೋಟೀಸು ಬರೆಯಲು ಶುರು ಮಾಡಿದೆ. ಇಲ್ಲಿಗೆ ನಿಲ್ಲಿಸುತ್ತೇನೆ.

ಊಟ, ಕೆಲಸ, ನೆರಳು ಮೂರೂ ಸಿಕ್ಕಿರುವ ನಿನ್ನ ಮಗಳು,
ದೀಪಿ

ಮರೆತ ಮಾತು: ಮೇಲಿನದನ್ನೆಲ್ಲ ಅಪ್ಪನಿಗೆ ಓದಿ ಹೇಳಬಹುದು. ಈ ಹಾಳೆ ನಿನಗೆ ಮಾತ್ರ.

ನಲ್ಲಿ ನನಗೆ ನೆನಪಿರಲಿಲ್ಲ ಎಂದು ಬರೆದಿದ್ದೇನಲ್ಲ, ಅದು ಪೂರ್ತಿ ನಿಜವಲ್ಲ. ಮುದ್ದೆ ಪಾತ್ರೆ ತೊಳೆಯಲು ನೀನು ಅದನ್ನು ತಿರುಗಿಸಿ, ನೀರು ಬಾರದೆ ಹಾಗೇ ಬಿಟ್ಟದ್ದನ್ನು ಕಂಡಿದ್ದೆ. ಗೇಟಿನ ಹತ್ತಿರ ನೆನಪಾಯಿತು. ಆದರೆ ನೀನು ಮರಿ ತರಲು ಹೊರಟಿದ್ದೆ, ಹಿಂದಿನಿಂದ ಹೇಗೆ ಕೂಗಲಿ? ಬಂದು ನಾನೇ ಮುಚ್ಚಿದರಾಯಿತು ಎಂದುಕೊಂಡೆ. ಬಸ್ಸು ಮರೆಯಾಗುವವರೆಗೂ ನೋಡುತ್ತ ನಿಂತೆ, ವಾಪಸ್ಸು ಬರುವಷ್ಟರಲ್ಲಿ ನೀರಿನ ಟ್ಯಾಂಕರು ಬಂದಿತ್ತು, ಅದರ ಗಲಾಟೆಯಲ್ಲಿ ಮರೆತೆ. ಆ ತಪ್ಪು ನನ್ನದೇ, ನೀನು ಅದನ್ನು ಹಚ್ಚಿಕೊಳ್ಳಬೇಡ.

ಆದರೆ ಅಂದು ಗೇಟಿನ ಬಳಿ ನೀನೂ ಒಂದು ಗಳಿಗೆ ನಿಂತೆ. ತಲೆ ಎತ್ತಿ ಮೂರನೇ ಮಹಡಿ ನೋಡಿದೆ. ಏನೋ ಹೇಳಲು ಹೊರಟು, ಸೆರಗು ಸರಿಮಾಡಿಕೊಂಡು ನಡೆದೆ. ಮಗಳಿರುವ ಜಾಗವನ್ನು ಕಣ್ತುಂಬಿಕೊಳ್ಳುತ್ತಿದ್ದೀಯ ಎಂದು ನಾನು ಆಗ ಅಂದುಕೊಂಡಿದ್ದೆ. ಹದಿನೈದು ದಿನ ಬಿಡದೆ ನೀರಿನ ವಿಷಯ ಕೇಳಿದ ಮೇಲೆ ಗೊತ್ತಾಯಿತು, ನಿನಗೂ ಅಲ್ಲೇ ನೆನಪಾಗಿತ್ತು.

ನೀರು ಚೆನ್ನಾಗಿ ಬರುತ್ತಿದೆ, ಅವ್ವ. ಇನ್ನು ಕೇಳಬೇಡ. ಮುಂದಿನ ಸಲ ಹೊರಡುವಾಗ ಬೆಂಚಿನ ಮೇಲೆ ಕೂತುಕೋ. ನೀರು ನಾನೇ ಕೊಡುತ್ತೇನೆ.